ಆಂಪ್ಲಿಫೈಯರ್‌ಗೆ ಟ್ರಾನ್ಸ್‌ಫಾರ್ಮರ್: ವೋಲ್ಟ್ ಕಡಿಮೆ ಇರಲಿ, ಆಂಪ್ ನಿಜವಿರಲಿ

ಅಡಿಕೆ ಸುಲಿಯೋ ಕಾಲ ಬರ್ತಾ ಇದೆ. ರಾತ್ರಿ ಚಪ್ಪರದಲ್ಲಿ ಹಾಡು ಹಾಕೋಕೆ ನಮ್ಮ ಕಡೆ ಹುಡುಗರು 2030 ಐಸಿ ಬೋರ್ಡ್ ತಂದು ಮನೆಯಲ್ಲೇ ಆಂಪ್ಲಿಫೈಯರ್ ಕಟ್ತಾ ಇದಾರೆ. ಒಳ್ಳೇದೇ. ಆದರೆ ಟ್ರಾನ್ಸ್‌ಫಾರ್ಮರ್ ವಿಷಯಕ್ಕೆ ಬಂದಾಗ (ಊರ ಮುಂದಿನ ಟಿಸಿ ಅಲ್ಲ ಮಾರಾಯ್ರೆ, ಡಬ್ಬಿಯೊಳಗೆ ಕೂರೋದು) ಅಂಗಡಿಯವರು "18-0-18 ಹಾಕಿ, ಸೌಂಡ್ ಜಾಸ್ತಿ" ಅಂತಾರೆ, ಇವರು ತರ್ತಾರೆ. ನಮ್ಮೂರ ಲೈನಿಗೆ ಇದು ಐಸಿ ಸುಡೋ ಸಲಹೆ ಅಂತ ನನ್ನ ಅಭಿಪ್ರಾಯ.

ಎಸಿ ವೋಲ್ಟನ್ನು 1.41ರಿಂದ ಗುಣಿಸಿ, ಡಿಸಿ ಎಷ್ಟಾಗುತ್ತೆ ಅಂತ ಅಂದಾಜು ಸಿಗುತ್ತೆ. 12ಕ್ಕೆ 17, 15ಕ್ಕೆ 21, 18ಕ್ಕೆ 25. ಡಯೋಡ್ ಒಂದು ವೋಲ್ಟ್ ತಿನ್ನುತ್ತೆ ಅಷ್ಟೆ. ಟಿಡಿಎ 2030ಎ ತಡೆಯೋ ಮಿತಿ 22, ಎ ಇಲ್ಲದ 2030ಕ್ಕೆ 18. ಇದೆಲ್ಲ ಲೈನ್ 230 ಇದ್ದಾಗಿನ ಮಾತು. ಊರಿನ ಮೋಟಾರೆಲ್ಲ ನಿಂತ ಮೇಲೆ ರಾತ್ರಿ ನಮ್ಮನೆ ಮೀಟರ್ 260 ತೋರಿಸುತ್ತೆ. ಆಗ 12 ಇದ್ದದ್ದು 19 ಕೊಡುತ್ತೆ, 15 ಇದ್ದದ್ದು 24. ಹಾಗಾಗಿ 2030ಎ ಹಾಕಿ, 12-0-12 ಸಾಕು. ವ್ಯಾಟ್ ದುಪ್ಪಟ್ಟಾದರೂ ಏರೋದು ಬರೀ 3 ಡೆಸಿಬೆಲ್, ಕಿವಿಗೆ ಸ್ವಲ್ಪ ಹೆಚ್ಚು ಅನ್ನಿಸುತ್ತೆ ಅಷ್ಟೆ. ಆ ದುಡ್ಡನ್ನು ಸ್ಪೀಕರ್‌ಗೆ ಹಾಕೋದೇ ವಾಸಿ.

ಆಂಪ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಎರಡು ಚಾನೆಲ್‌ಗೆ ನಿಜವಾದ 3 ಆಂಪ್ ಬೇಕು. "ನಿಜವಾದ" ಅಂದೆ ಯಾಕಂದ್ರೆ ಚೀಟಿ ಮೇಲಿನ ಆಂಪಿಗೂ ಕಳಪೆ ಮೋಟಾರಿನ ಮೇಲಿನ ಎಚ್‌ಪಿಗೂ ಹೆಚ್ಚು ವ್ಯತ್ಯಾಸ ಇಲ್ಲ. ಕೈಯಲ್ಲಿ ಎತ್ತಿ ನೋಡಿ, ಒಂದು ಕೆಜಿ ಹತ್ತಿರ ಇರಬೇಕು. ತಂತಿಯ ವಾರ್ನಿಷ್ ಕೆರೆದಾಗ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಆಮೇಲೆ ಹಳೇ ಬೈಕಿನ 12 ವೋಲ್ಟ್, 35 ವ್ಯಾಟ್ ಹೆಡ್‌ಲೈಟ್ ಬಲ್ಬ್ ಎರಡು ತಗೊಂಡು, ಒಂದೊಂದು ತುದಿಯಿಂದ ಮಧ್ಯದ ವೈರಿಗೆ ಒಂದೊಂದು ಕಟ್ಟಿ ಅರ್ಧ ಗಂಟೆ ಉರಿಸಿ. ಲೈನ್ 230 ಇದ್ದೂ 11 ವೋಲ್ಟಿಗಿಂತ ಕೆಳಗೆ ಬಿದ್ದರೆ, ಅಥವಾ ಪ್ಲಗ್ ಕಿತ್ತು ಮುಟ್ಟಿದಾಗ ಕೈ ಸುಟ್ಟರೆ ವಾಪಸ್ ಕೊಡಿ. ಇನ್ನೂ ಒಳ್ಳೇದು ಅಂದ್ರೆ ಮೋಟಾರ್ ಸುತ್ತೋರ ಹತ್ರ ತಾಮ್ರದಲ್ಲಿ ಸುತ್ತಿಸೋದು. ಎಷ್ಟು ಗೇಜಿನ ತಂತಿ ಹಾಕಿದ್ರು ಅನ್ನೋದು ಕಣ್ಣೆದುರೇ ಇರುತ್ತೆ.

ಹಗುರ, ಅಗ್ಗ ಅಂತ ಎಸ್‌ಎಂಪಿಎಸ್ ಹಾಕೋರೂ ಇದಾರೆ. ಬೇಡ ಅನ್ನಲ್ಲ. ಆದರೆ ಮೀಡಿಯಂ ವೇವ್‌ನಲ್ಲಿ ಆಕಾಶವಾಣಿ ಕೇಳೋರಿಗೆ ಅಗ್ಗದ ಎಸ್‌ಎಂಪಿಎಸ್ ಪಕ್ಕದಲ್ಲಿದ್ರೆ ರೇಡಿಯೋ ತುಂಬ ಗೊರಗೊರ. ಸಿಡಿಲು, ಲೈನ್ ಏರಿಳಿತಕ್ಕೂ ಕಬ್ಬಿಣದ್ದೇ ಹೆಚ್ಚು ತಾಳೋದು.

ಜೋಡಿಸುವಾಗ ಟ್ರಾನ್ಸ್‌ಫಾರ್ಮರ್ ಹಾಡು ಬರೋ ವೈರಿನಿಂದ ದೂರ ಇರಲಿ. ಹಮ್ ಬಂದರೆ ಅದನ್ನೇ ಸ್ವಲ್ಪ ತಿರುಗಿಸಿ ನೋಡಿ. 230ರ ಕಡೆಗೆ ಅರ್ಧ ಆಂಪಿನ ಸ್ಲೋ ಬ್ಲೋ ಫ್ಯೂಸ್ ಹಾಕಿ, ಜಾಯಿಂಟಿಗೆಲ್ಲ ಸ್ಲೀವ್ ಏರಿಸಿ, ತಗಡಿನ ಡಬ್ಬಿಗೆ ಅರ್ತ್ ಕೊಡಿ. ಚಪ್ಪರದಲ್ಲಿ ಇಲಿ ಇರುತ್ತೆ, ಮಕ್ಕಳೂ ಓಡಾಡ್ತಾರೆ.