ಪಾಪ್-ಅಪ್ ಹೊಸ್ತಿಲಲ್ಲೇ ನಿಲ್ಲಲಿ

ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೀರಿ. ಪ್ಯಾರಾ ಮುಗಿಯಿತೆಂದು ಎಂಟರ್ ಒತ್ತುವ ಅದೇ ಕ್ಷಣಕ್ಕೆ ಪರದೆಯ ನಡುವೆ ಒಂದು ಕಿಟಕಿ ಎದ್ದು ನಿಲ್ಲುತ್ತದೆ: ‘ಈಗಲೇ ರೀಸ್ಟಾರ್ಟ್ ಮಾಡಲೇ?’ ನಿಮ್ಮ ಎಂಟರ್ ಅದಕ್ಕೆ ‘ಹೂಂ’ ಎಂದು ಕೇಳಿಸುತ್ತದೆ. ನೀವು ಕೊಡದ ಒಪ್ಪಿಗೆಯನ್ನು ಸಾಫ್ಟ್‌ವೇರ್ ಪಡೆದುಕೊಂಡಾಯಿತು.

ಇದನ್ನು ‘ಕಿರಿಕಿರಿ’ ಎಂದು ಕರೆದು ಸುಮ್ಮನಾಗುವುದು ನಮ್ಮ ರೂಢಿ. ಆದರೆ ಇದು ಅಧಿಕಾರದ ಪ್ರಶ್ನೆ. ನನ್ನ ಗಮನ ಯಾವಾಗ, ಎಲ್ಲಿ ಇರಬೇಕೆಂದು ತೀರ್ಮಾನಿಸುವವರು ಯಾರು?

ಮೈಕ್ರೋಸಾಫ್ಟ್ ಆಫೀಸ್ 97ರಲ್ಲಿ ಬಂದ ಕ್ಲಿಪ್ಪಿಯನ್ನು ನೆನೆಯಿರಿ. ಪತ್ರ ಶುರು ಮಾಡಿದರೆ ಸಾಕು, ಕಣ್ಣು ಪಿಳುಕಿಸುತ್ತಾ ‘ಸಹಾಯ ಬೇಕೇ?’ ಎಂದು ಹಾಜರಾಗುತ್ತಿದ್ದ ಪೇಪರ್ ಕ್ಲಿಪ್ ಅದು. ಜನ ಬೈದರು; ಆಫೀಸ್ 2007ರ ಹೊತ್ತಿಗೆ ಅದು ಹೋಯಿತು. ಆದರೆ ಅದರಿಂದ ಹಲವು ತಯಾರಕರು ಕಲಿತ ಪಾಠ ಅರ್ಧವೇ. ಕಿಟಕಿಯನ್ನು ಚಿಕ್ಕದು ಮಾಡಿದರು, ಮೂಲೆಗೆ ಸರಿಸಿದರು, ಬಣ್ಣ ತಿಳಿಯಾಗಿಸಿದರು. ತಳ್ಳಿಕೊಂಡು ಬರುವ ಅಭ್ಯಾಸವನ್ನು ಮಾತ್ರ ಬಿಡಲಿಲ್ಲ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಝೆರಾಕ್ಸ್ ಪಾರ್ಕ್‌ನ ಮಾರ್ಕ್ ವೈಸರ್ ಮತ್ತು ಜಾನ್ ಸೀಲಿ ಬ್ರೌನ್ 1995ರಲ್ಲೇ ‘ಶಾಂತ ತಂತ್ರಜ್ಞಾನ’ದ ಬಗ್ಗೆ ಬರೆದರು. ಅವರು ಕೊಟ್ಟ ಉದಾಹರಣೆ, ಕಲಾವಿದೆ ನಟಾಲಿ ಜೆರೆಮಿಜೆಂಕೊ ಛಾವಣಿಯಿಂದ ಇಳಿಬಿಟ್ಟ ಎಂಟು ಅಡಿಯ ಪ್ಲಾಸ್ಟಿಕ್ ದಾರ. ಪುಟ್ಟ ಮೋಟಾರಿನ ಮೂಲಕ ಅದನ್ನು ಕಂಪ್ಯೂಟರ್ ಜಾಲಕ್ಕೆ ಜೋಡಿಸಿದ್ದರು. ಜಾಲದಲ್ಲಿ ಓಡಾಟ ಹೆಚ್ಚಿದರೆ ದಾರ ಗಿರಗಿರ ಸುತ್ತುತ್ತಿತ್ತು, ಕಡಿಮೆಯಾದರೆ ಆಗೊಮ್ಮೆ ಈಗೊಮ್ಮೆ ಮಿಸುಕುತ್ತಿತ್ತು. ಬೇಕಾದವರು ನೋಡುತ್ತಿದ್ದರು. ಬೇಡದವರ ಕೆಲಸಕ್ಕೆ ಅಡ್ಡಿಯಿರಲಿಲ್ಲ. ಅದೇ ವರ್ಷ ವರ್ಡ್ 95 ತಪ್ಪು ಕಾಗುಣಿತದ ಕೆಳಗೆ ಕೆಂಪು ಅಂಕುಡೊಂಕು ಗೆರೆ ಎಳೆಯತೊಡಗಿತು. ಆ ಗೆರೆ ತಪ್ಪು ಹಿಡಿದರೂ ಕೈ ಹಿಡಿದು ನಿಲ್ಲಿಸುವುದಿಲ್ಲ.

‘ಬೇಡವಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿ’ ಎಂಬ ವಾದವಿದೆ. ಕರೆಯದೆ ಒಳಗೆ ಬಂದವರು, ಬಾಗಿಲು ಹಾಕಿಕೊಳ್ಳದ್ದು ನಿಮ್ಮದೇ ತಪ್ಪು ಎಂದಂತಾಯಿತು ಇದು. 2020ರ ಜನವರಿಯಲ್ಲಿ ಫೈರ್‌ಫಾಕ್ಸ್ 72, ವೆಬ್‌ಸೈಟುಗಳು ಸೂಚನೆ ಕಳಿಸಲು ಕೇಳುವ ಅನುಮತಿಯನ್ನು ವಿಳಾಸಪಟ್ಟಿಯ ಒಂದು ಪುಟ್ಟ ಚಿಹ್ನೆಗೆ ಇಳಿಸಿತು. ಯಾರೂ ಸೆಟ್ಟಿಂಗ್ಸ್ ಹುಡುಕಬೇಕಾಗಲಿಲ್ಲ. ಮನಸ್ಸಿದ್ದರೆ ಮೌನವನ್ನೇ ಮೊದಲ ಆಯ್ಕೆಯಾಗಿ ಇಡಬಹುದು.

ತುರ್ತಿನ ಮಾತೇ ಬೇರೆ. ಬ್ಯಾಟರಿ ಮುಗಿಯುತ್ತಿದ್ದರೆ, ಫೈಲ್ ಸೇವ್ ಆಗದಿದ್ದರೆ ಕೂಗಿ ಹೇಳಲಿ. ಅಲ್ಲಿ ನಷ್ಟ ನನ್ನದು. ಹೊಸ ಸೌಲಭ್ಯ ಬಂದಿದೆ, ರೇಟಿಂಗ್ ಕೊಡಿ, ಚಂದಾ ನವೀಕರಿಸಿ ಎಂಬಲ್ಲಿ ತುರ್ತು ಕಂಪನಿಯದು. ಎರಡಕ್ಕೂ ಒಂದೇ ಗಂಟೆ ಬಾರಿಸಿದರೆ ಜನ ಎರಡನ್ನೂ ಓದದೆ ಮುಚ್ಚುತ್ತಾರೆ. ನಿಜವಾದ ಎಚ್ಚರಿಕೆ ಸಾಯುವುದು ಹೀಗೆ.

ಆದ್ದರಿಂದ ನಾವು ಕೇಳಬೇಕಾದ್ದು ಅಂದವನ್ನಲ್ಲ, ಮರ್ಯಾದೆಯನ್ನು. ಸೂಚನೆ ಕೀಬೋರ್ಡನ್ನು ಕಸಿಯಬಾರದು. ನಾನು ಒತ್ತುತ್ತಿರುವ ಕೀಲಿಯನ್ನು ಉತ್ತರವೆಂದು ಎಣಿಸಬಾರದು. ತಾನಾಗಿ ಮರೆಯಾಗುವುದಾದರೆ, ಆಮೇಲೆ ಓದಲು ಒಂದು ಪಟ್ಟಿಯಲ್ಲಿ ಉಳಿದಿರಬೇಕು. ‘ಬೇಡ’ ಎಂದರೆ ‘ನಾಳೆ ಮತ್ತೆ ಕೇಳುತ್ತೇನೆ’ ಎಂದು ಅರ್ಥ ಮಾಡಿಕೊಳ್ಳಬಾರದು.

ನಮ್ಮ ಮನೆಗಳಿಗೆ ಬರುವವರು ಹೊಸ್ತಿಲಲ್ಲಿ ನಿಂತು ‘ಯಾರಿದ್ದೀರಿ?’ ಎನ್ನುತ್ತಾರೆ. ಒಳಗಿನವರು ಕೈಕೆಲಸ ಮುಗಿಸಿ ಬರುವವರೆಗೆ ಕಾಯುತ್ತಾರೆ. ಸಾಫ್ಟ್‌ವೇರಿಗೆ ಇಷ್ಟನ್ನು ಕಲಿಸಲು ಹೊಸ ಸಂಶೋಧನೆಯೇನೂ ಬೇಕಿಲ್ಲ.