ರಾತ್ರಿ ಕೈ ಜೋಮು ಹಿಡಿಯುತ್ತಿದೆಯೇ?

ಅಡಿಕೆ ಸುಲಿತದ ಕಾಲ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹೆಂಗಸರ ಕೈಗೆ ಬಿಡುವಿಲ್ಲ. ಸುಲಿಯುವ ಯಂತ್ರಗಳು ಬಂದಿದ್ದರೂ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೆ ಸುಲಿಯುವವರು ಇಂದಿಗೂ ಇದ್ದಾರೆ. ಅದರ ಮೇಲೆ ಬಟ್ಟೆ ಹಿಂಡುವುದು, ರೊಟ್ಟಿ ತಟ್ಟುವುದು, ಹೊಲಿಗೆ. ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾದರೆ ಕೊಡವಿ, ಎಣ್ಣೆ ತಿಕ್ಕಿ ಮಲಗುತ್ತಾರೆ. ಕೆಲಸದ ದಣಿವು ಎಂದುಕೊಳ್ಳುತ್ತಾರೆ.

ಇದು ಬರೀ ದಣಿವಾಗಿರಬೇಕೆಂದಿಲ್ಲ. ನಮ್ಮ ಮಣಿಕಟ್ಟಿನಲ್ಲಿ ಎಲುಬುಗಳ ಮೇಲೆ ಗಟ್ಟಿಯಾದ ಪಟ್ಟಿಯೊಂದು ಹಾದು, ನಡುವೆ ಇಕ್ಕಟ್ಟಾದ ದಾರಿ ಉಂಟಾಗಿದೆ. ಬೆರಳು ಮಡಚುವ 9 ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಅದರೊಳಗೇ ಸಾಗಬೇಕು. ಒಳಗೆ ಊತ ಬಂದರೆ ನರ ಅದುಮಿಹೋಗುತ್ತದೆ. ಇದನ್ನೇ ವೈದ್ಯರು ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಕಿರುಬೆರಳು ಮಾತ್ರ ಸರಿಯಾಗಿದ್ದರೆ ಈ ಕಾಯಿಲೆಯ ಸಂಶಯ ಬಲವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್, ಸಂಧಿವಾತ ಇರುವವರಿಗೂ ಗರ್ಭಿಣಿಯರಿಗೂ ಬರುವ ಸಾಧ್ಯತೆ ಅಧಿಕ. ಗರ್ಭಿಣಿಯರಲ್ಲಿ ಹೆರಿಗೆಯ ನಂತರ ಹೆಚ್ಚಾಗಿ ತಾನೇ ಕಡಿಮೆಯಾಗುತ್ತದೆ.

ಮೊದಲ ಚಿಕಿತ್ಸೆ ಸರಳ. ರಾತ್ರಿ ಮಲಗುವಾಗ ಮಣಿಕಟ್ಟು ಮಡಚದಂತೆ ನೇರವಾಗಿ ಹಿಡಿದಿಡುವ ಪಟ್ಟಿ ಕಟ್ಟಬೇಕು. ಅದರಿಂದ ಗುಣ ಕಾಣದಿದ್ದರೆ ಮಣಿಕಟ್ಟಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುವುದುಂಟು. ಸ್ಕ್ಯಾನಿಂಗ್ ಎಂದರೆ ಬಸುರಿಗೆ ಮಾತ್ರ ಎಂದು ತಿಳಿದವರಿದ್ದಾರೆ. ಆದರೆ ಅದೇ ಅಲ್ಟ್ರಾಸೌಂಡ್ ಯಂತ್ರದಲ್ಲಿ ನರ ಎಲ್ಲಿದೆ, ಎಷ್ಟು ಊದಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಅದನ್ನು ನೋಡುತ್ತಲೇ ವೈದ್ಯರು ಸೂಜಿಯನ್ನು ನರಕ್ಕೆ ತಾಗದಂತೆ ಅದರ ಪಕ್ಕಕ್ಕೆ ಒಯ್ದು ಔಷಧ ಬಿಡುತ್ತಾರೆ. ಯಂತ್ರವಿಲ್ಲದ ಕಡೆ ಅನುಭವಿ ವೈದ್ಯರು ಕೈಯ ಗುರುತು ನೋಡಿಯೂ ಕೊಡುತ್ತಾರೆ.

ಸ್ಟಿರಾಯ್ಡ್ ಎಂದೊಡನೆ ಹೆದರಬೇಕಿಲ್ಲ. ಒಂದೇ ಜಾಗಕ್ಕೆ ಕೊಡುವ ಸಣ್ಣ ಪ್ರಮಾಣವದು. ಒಂದೆರಡು ದಿನ ನೋವು ಹೆಚ್ಚಬಹುದು, ಚುಚ್ಚಿದಲ್ಲಿ ಚರ್ಮ ಬಿಳಿಚಬಹುದು. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ರಕ್ತದಲ್ಲಿ ಸಕ್ಕರೆ ಏರುವುದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು.

ಆದರೆ ಒಂದು ಚುಚ್ಚುಮದ್ದಿನಿಂದ ಎಲ್ಲವೂ ಮುಗಿಯಿತೆಂದು ಭಾವಿಸಬೇಡಿ. ಬ್ರಿಟನ್ನಿನಲ್ಲಿ 234 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 6 ವಾರಗಳ ಹೊತ್ತಿಗೆ ರಾತ್ರಿ ಪಟ್ಟಿಗಿಂತ ಚುಚ್ಚುಮದ್ದು ಹೆಚ್ಚು ಗುಣ ಕೊಟ್ಟಿತ್ತು. 6 ತಿಂಗಳಿಗೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಚುಚ್ಚುಮದ್ದು ಕೊಡುವುದು ಬಿಡುವನ್ನು. ಆ ಬಿಡುವಿನಲ್ಲಿ ಕೈಗೆ ವಿಶ್ರಾಂತಿ ಸಿಗದೆ, ಮರುದಿನವೇ ಮೆಟ್ಟುಗತ್ತಿಯ ಮುಂದೆ ಕುಳಿತರೆ ನೋವು ಮರಳಿ ಬರುವುದು ಸುಲಭ.

ಹೆಬ್ಬೆರಳ ಬುಡದ ಮಾಂಸ ಕರಗತೊಡಗಿದರೆ, ಹಿಡಿದ ಲೋಟ ಜಾರುತ್ತಿದ್ದರೆ, ಜೋಮು ಹಗಲೂ ಬಿಡದಿದ್ದರೆ ತಡ ಮಾಡಬಾರದು. ಆಗ ಆ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುವ ಚಿಕ್ಕ ಶಸ್ತ್ರಚಿಕಿತ್ಸೆ ಬೇಕಾಗಬಹುದು. ನರ ತೀರಾ ಹಾಳಾದ ಮೇಲೆ ಅದರಿಂದಲೂ ಪೂರ್ಣ ಶಕ್ತಿ ಮರಳದು. ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಗತ್ಯ ಬಿದ್ದರೆ ಅಲ್ಲಿಂದ ಚೀಟಿ ಪಡೆದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ.

ಸಹೋದರಿಯರೇ, ಮನೆಯವರ ಕೆಮ್ಮಿಗೂ ಜ್ವರಕ್ಕೂ ಓಡುವ ನೀವು ನಿಮ್ಮ ಕೈಯ ಜೋಮನ್ನು ಸುಲಿತ ಮುಗಿಯಲಿ ಎಂದು ಮುಂದೂಡಬೇಡಿ. ಮನೆಯ ಗಂಡಸರೂ ಒಂದಿಷ್ಟು ದಿನ ಬಟ್ಟೆ ಹಿಂಡಲಿ, ಕೊಡಪಾನ ಎತ್ತಲಿ. ಚುಚ್ಚುಮದ್ದಿನ ಗುಣ ಉಳಿಯಲು ಅದೂ ಬೇಕು.