ವೇಷವೂ ವೆಚ್ಚವೂ



ದಸರೆಯ ಬನ್ನಿಯನ್ನು ಕೊಟ್ಟು ಕೊಂಡು ಬಂಗಾರದ ಮಾತನ್ನಾಡಿದ ಗೃಹಸ್ಥನು ಕೆಲವೇ ದಿನಗಳಲ್ಲಿ ನಿಜವಾದ ರೊಕ್ಕದ ಚಿಂತೆಗೆ ಬೀಳುವ ಕಾಲವಿದು. ಅಕ್ಟೋಬರ 23ಕ್ಕೆ ಕಿತ್ತೂರಿನ ಉತ್ಸವವು ಆರಂಭವಾಗುವದು. 1824ರಲ್ಲಿ ಅದೇ ದಿನ ಚೆನ್ನಮ್ಮ ರಾಣಿಯ ದಂಡಿನೊಡನೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಮಡಿದನು. ಮುಂದೆ ನವೆಂಬರ 1ಕ್ಕೆ ರಾಜ್ಯೋತ್ಸವ. 1956ರ ಆ ದಿನ ಕನ್ನಡ ಸೀಮೆಗಳು ಒಂದು ರಾಜ್ಯವಾದವು. 1973ರ ಆ ದಿನ ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. ಇವೆರಡರ ನಡುವೆ ಹುಬ್ಬಳ್ಳಿ-ಧಾರವಾಡದ ತಾಯಿತಂದೆಗಳ ಮೊಬೈಲಿಗೆ ಶಾಲೆಯಿಂದ ಸಂದೇಶವೊಂದು ಬರುವದು: “ಛದ್ಮವೇಷ ಸ್ಪರ್ಧೆ; ಮಕ್ಕಳನ್ನು ವೇಷ ಹಾಕಿ ಕಳಿಸತಕ್ಕದ್ದು.”

ಈ ಚಿಂತೆಯು ನಮ್ಮದೊಂದೇ ಅಲ್ಲ. ರಾಜ್ಯೋತ್ಸವದ ಹಿಂದಿನ ದಿನ, ಅಂದರೆ ಅಕ್ಟೋಬರ 31ರ ಸಂಜೆ, ಅಮೇರಿಕೆ ಮುಂತಾದ ದೇಶಗಳಲ್ಲಿ ಹ್ಯಾಲೊವೀನ್ ಎಂಬ ಆಚರಣೆಯುಂಟು. ಕ್ರೈಸ್ತರ ಸರ್ವಸಂತರ ದಿನದ ಮುನ್ನಿನ ರಾತ್ರಿಯಾದ ಅಂದು ಮಕ್ಕಳು ಭೂತಪ್ರೇತಾದಿಗಳ ವೇಷ ಧರಿಸಿ ಮನೆಮನೆಗೆ ಹೋಗಿ ಸಿಹಿತಿಂಡಿ ಬೇಡುವರು. ಅಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳು ಆ ರಾತ್ರಿ ಭೂತಕ್ಕೂ, ಕೆಲವು ದಿನಗಳಲ್ಲಿಯೇ ಕನ್ನಡಕೂಟದ ರಾಜ್ಯೋತ್ಸವದಲ್ಲಿ ಚೆನ್ನಮ್ಮನಿಗೂ ಬಟ್ಟೆ ಹೊಂದಿಸಬೇಕಾಗುವದು. ಆದುದರಿಂದ ಈ ತಿಂಗಳು ವೇಷದ ವೆಚ್ಚವನ್ನು ಕುರಿತು ನಾಲ್ಕು ಮಾತು ಬರೆಯಲು ಉದ್ಯುಕ್ತರಾಗಿರುವೆವು.

ಇದಕ್ಕೆ ಪ್ರೇರಣೆಯಾದುದು ನಮ್ಮ ಓಣಿಯಲ್ಲಿಯೇ ನಡೆದ ಒಂದು ಸಂಗತಿ. ಜೋಳದ ರೊಟ್ಟಿ ಬಡಿದು ಮಾರಿ ಸಂಸಾರ ಸಾಗಿಸುವ ತಾಯಿಯೊಬ್ಬಳು ನಮ್ಮ ನೆರೆಯಲ್ಲಿರುವಳು. ಎರಡನೆಯ ಇಯತ್ತೆಯಲ್ಲಿ ಓದುವ ಅವಳ ಮಗಳು ಸಾಯಂಕಾಲ ನಮ್ಮಲ್ಲಿ ಲೆಕ್ಕ ಹೇಳಿಸಿಕೊಳ್ಳಲು ಬರುವದುಂಟು. ಕಳೆದ ವರ್ಷ ಸ್ಪರ್ಧೆಗೆ ಎರಡು ದಿನ ಉಳಿದಿರಲು, “ಯಾವ ವೇಷ ನಿಶ್ಚಯಿಸಿದಿರಿ?” ಎಂದು ನಾವು ಸಹಜವಾಗಿ ಕೇಳಿದೆವು. ಆ ತಾಯಿಯು ನಗುತ್ತ, “ಮಾಸ್ತರ್ರ, ಆ ದಿನಾ ಆಕಿಗೆ ಜ್ವರಾ ಬರೂದೈತ್ರಿ,” ಎಂದಳು. ನಮಗೆ ಅರ್ಥವಾಗಲಿಲ್ಲ. “ಒಂದ ದಿನದ ಬಾಡಿಗಿ ನಾಲ್ಕನೂರ ಅಂತರಿ, ಮ್ಯಾಲ ಡಿಪಾಜಿಟ್ ಬ್ಯಾರೆ. ಅದಕ್ಕಿಂತ ಜ್ವರಾ ಬಂದ್ರ ಛಲೋ ಅಲ್ಲೇನ್ರಿ?” ಮಗಳು ಪಾಟಿಯ ಮೇಲಿನ ಲೆಕ್ಕದಿಂದ ತಲೆಯೆತ್ತಲಿಲ್ಲ, ಆದರೆ ಅವಳ ಬಳಪವು ನಿಂತಿದ್ದಿತು.

ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಅದೇಕೆಂದರೆ ಮೂವತ್ತು ವರ್ಷಗಳ ಹಿಂದಿನ ನಮ್ಮದೇ ಒಂದು ತಪ್ಪು ನೆನಪಿಗೆ ಬಂದಿತು. ಆಗ ನಾವು ಒಂದು ಶಾಲೆಯ ಛದ್ಮವೇಷಕ್ಕೆ ಪರೀಕ್ಷಕರಾಗಿ ಕುಳಿತಿದ್ದೆವು. ಒಬ್ಬ ಹುಡುಗನು ಬಾಡಿಗೆಯ ಜರತಾರಿ ಉಡುಪು, ಮುತ್ತಿನ ಸರ, ಹೊಳೆಯುವ ಕಿರೀಟಗಳಿಂದ ಮಹಾರಾಜನಾಗಿ ಬಂದನು. ಯಾವ ಮಹಾರಾಜನೆಂದು ಕೇಳಿದರೆ ಅವನಿಗೆ ತಿಳಿಯದು. ಇನ್ನೊಬ್ಬನು ಸಂಗೊಳ್ಳಿ ರಾಯಣ್ಣನಾಗಿ ಬಂದನು: ಕಾಸೆ ಹಾಕಿದ ಧೋತರ, ತಲೆಗೆ ರುಮಾಲು, ಹೆಗಲಿಗೆ ಕರಿಯ ಕಂಬಳಿ, ಕಾಡಿಗೆಯಿಂದ ತೀಡಿದ ಮೀಸೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ವೀರನ ಕಥೆಯನ್ನು ಎರಡೇ ವಾಕ್ಯಗಳಲ್ಲಿ ಹೇಳಿ ನೆಟ್ಟಗೆ ನಿಂತನು. ನಾವು ಪಾರಿತೋಷಕವನ್ನು ಮಹಾರಾಜನಿಗೆ ಕೊಟ್ಟೆವು. ಸಭೆ ಮುಗಿದ ಮೇಲೆ ಆ ಹುಡುಗನು ಬಂದು, “ಸರ, ಕಂಬಳಿ ನಮ್ಮಪ್ಪಂದ್ರಿ. ಬಾಡಗಿದು ಅಲ್ಲಂತ ನಂಬರ್ ಬರಲಿಲ್ಲೇನ್ರಿ?” ಎಂದು ಕೇಳಿದನು. ಇತಿಹಾಸ ಕಲಿಸುವ ನಮ್ಮ ಬಾಯಲ್ಲಿ ಉತ್ತರವಿರಲಿಲ್ಲ. ಅವನು ಮುಂದೆ ಎಂದೂ ವೇಷ ಹಾಕಿದುದನ್ನು ನಾವು ಕಾಣಲಿಲ್ಲ.

ಸಂಸ್ಕೃತದಲ್ಲಿ ‘ಛದ್ಮ’ವೆಂಬದು ಮುಚ್ಚುವದೆಂಬ ಅರ್ಥದ ಧಾತುವಿನಿಂದ ಬಂದುದು, ‘ವೇಷ’ವಾದರೋ ವ್ಯಾಪಿಸುವದೆಂಬ ಅರ್ಥದ ‘ವಿಷ್’ ಧಾತುವಿನಿಂದ ಬಂದುದೆಂದು ವ್ಯುತ್ಪತ್ತಿ ಹೇಳುವರು. ಬಾಡಿಗೆಯ ಜರತಾರಿಯು ಆ ಮಹಾರಾಜನನ್ನು ಮುಚ್ಚಿದ್ದಿತು; ಕಂಬಳಿಯು ರಾಯಣ್ಣನನ್ನು ವ್ಯಾಪಿಸಿದ್ದಿತು. ಈ ಭೇದವನ್ನು ಪಾಠದಲ್ಲಿ ಹೇಳಬಲ್ಲ ನಾವು ಪರೀಕ್ಷೆಯಲ್ಲಿ ಮರೆತೆವು.

ವೇಷಕ್ಕೆ ಭಾರವಾದ, ಬೆಲೆಯುಳ್ಳ ವಸ್ತುಗಳು ಬೇಕೆಂಬದು ಶಾಸ್ತ್ರಸಮ್ಮತವೂ ಅಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯಾಗಿ ಹೇಳಿ, ಉಡಿಗೆ-ತೊಡಿಗೆ-ಬಣ್ಣಗಳನ್ನು ಆಹಾರ್ಯದಲ್ಲಿ ಸೇರಿಸಿರುವನು. ಭಾರವಾದ ಆಭರಣಗಳಿಂದ ನಟನು ದಣಿಯುವನಾದುದರಿಂದ ಅವುಗಳನ್ನು ಅರಗು, ತೆಳುತಗಡು, ಅಭ್ರಕಗಳಂಥ ಹಗುರ ಸಾಮಗ್ರಿಯಿಂದ ಮಾಡತಕ್ಕದ್ದೆಂದೂ, ಆಯುಧಗಳನ್ನು ಸಹ ಬಿದಿರು, ಹುಲ್ಲು, ಅರಗುಗಳಿಂದ ರಚಿಸತಕ್ಕದ್ದೆಂದೂ ಅಲ್ಲಿ ವಿಧಿಯುಂಟು. ನಮ್ಮ ಸೀಮೆಯ ಹಗಲುವೇಷಗಾರರನ್ನು ನೋಡಿರಿ. ರಂಗಮಂಟಪವಿಲ್ಲ, ದೀಪಗಳಿಲ್ಲ, ಹಾರ್ಮೋನಿಯಮ್ಮು ತಬಲೆಗಳೊಡನೆ ಹಾಡಹಗಲಲ್ಲಿಯೇ ಮನೆಯ ಮುಂದೆ ನಿಂತು ರಾಮಾಯಣ ಭಾರತಗಳನ್ನು ಕಣ್ಣಿಗೆ ಕಟ್ಟಿಸುವರು. ಹೋಳಿಯಲ್ಲಿ ಸೋಗು ಹಾಕುವ ನಮ್ಮ ಹುಡುಗರು ಅಂಗಡಿಗೆ ಹೋಗುವದಕ್ಕಿಂತ ಮೊದಲು ಅಜ್ಜಿಯ ಪೆಟ್ಟಿಗೆಗೆ ಕೈಹಾಕುವರು. ಹೀಗಿರಲು ಬಾಡಿಗೆಯ ಭಯದಿಂದ ಮಗುವಿಗೆ ಜ್ವರವನ್ನು ಕಲ್ಪಿಸುವದೇಕೆ?

ಮರುದಿನ ಬೆಳಿಗ್ಗೆ ನಾವೂ ನಮ್ಮ ಸಹಧರ್ಮಿಣಿಯೂ ಆ ಮನೆಗೆ ಹೋಗಿ ಪೆಟ್ಟಿಗೆ ತೆರೆಯಿಸಿದೆವು. ಚೆನ್ನಮ್ಮನ ವೇಷವು ಸಿದ್ಧವಾದ ಬಗೆಯನ್ನು ಹೇಳುವೆವು. ವಾಚಕರು ತಮ್ಮ ಮನೆಯಲ್ಲಿದ್ದುದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ಸೀರೆ: ತಾಯಿಯ ಲಗ್ನದ ಇಳಕಲ್ಲ ಸೀರೆಯನ್ನು ಕತ್ತರಿಸದೆ, ಪಿನ್ನು ಚುಚ್ಚದೆ ಉಪಯೋಗಿಸಿದೆವು. ಅಗಲವನ್ನು ಮಗುವಿನ ಸೊಂಟದಿಂದ ಪಾದದವರೆಗೆ ಸರಿಹೋಗುವಂತೆ ಮಡಚಬೇಕು. ಉದ್ದವು ಹೆಚ್ಚಾದುದನ್ನು ನೆರಿಗೆಯಾಗಿ ಕೂಡಿಸಿ, ಮೇಲೆ ನೂಲಿನ ಲಾಡಿಯನ್ನು ಬಿಗಿದು, ಕಚ್ಚೆಯನ್ನು ಹಿಂದೆ ಸಿಕ್ಕಿಸಬೇಕು. ಒಳಗೆ ಇಜಾರವಿದ್ದರೆ ಮಗುವು ನಿರ್ಭಯವಾಗಿ ಓಡಾಡುವದು. ಸೆರಗಿನ ಕೆಂಪು ಬಿಳುಪಿನ ಟೋಪ ತೆನೆಯು ಎದೆಯ ಮೇಲೆ ಕಾಣುವಂತೆ ಬಿಟ್ಟರೆ ಆಭರಣದ ಅಗತ್ಯವೇ ಉಳಿಯದು.

ಢಾಲು: ರೊಟ್ಟಿ ಇಡುವ ಹಳೆಯ ಬಿದಿರಿನ ಬುಟ್ಟಿಯ ಮುಚ್ಚಳಕ್ಕೆ ದರ್ಜಿಯು ಪುಕ್ಕಟೆ ಕೊಟ್ಟ ಕಪ್ಪು ಬಟ್ಟೆಯ ತುಂಡನ್ನು ಹೊಲಿದೆವು. ನಾಲ್ಕು ಕಡೆ ಬೇಗಡೆಯ ಬಿಲ್ಲೆಗಳು. ಹಿಂದೆ ಕೈ ತೂರಿಸಲು ಎರಡು ಬಟ್ಟೆಯ ಕುಣಿಕೆಗಳು.

ಖಡ್ಗ: ರಟ್ಟಿನ ಎರಡು ಪದರುಗಳ ನಡುವೆ ಬಿದಿರಿನ ಸೀಳನ್ನಿಟ್ಟು ಮೈದಾಹಿಟ್ಟಿನ ಸರಿಯಿಂದ ಅಂಟಿಸಿ ರಾತ್ರಿಯಿಡೀ ಭಾರದ ಕೆಳಗೆ ಇಡಬೇಕು. ಒಂದು ಪಾಲು ಹಿಟ್ಟಿಗೆ ನಾಲ್ಕೈದು ಪಾಲು ನೀರು ಹಾಕಿ ಕುದಿಸಿದರೆ ಸರಿಯಾಯಿತು. ಉದ್ದವು ಮಗುವಿನ ತೋಳಿನಷ್ಟಿದ್ದರೆ ಸಾಕು. ತುದಿಯನ್ನು ದುಂಡಾಗಿ ಕತ್ತರಿಸತಕ್ಕದ್ದು. ಪಕ್ಕದ ಮಗುವಿನ ಕಣ್ಣು ಎಲ್ಲ ಪಾರಿತೋಷಕಗಳಿಗಿಂತ ದೊಡ್ಡದು.

ಕಿರೀಟ: ಮನೆಗೆ ಬಂದ ಲಗ್ನಪತ್ರಿಕೆಗಳ ದಪ್ಪ ಕಾಗದವೇ ಸಾಕು. ತಲೆಯ ಸುತ್ತಳತೆಯನ್ನು ದಾರದಿಂದ ಅಳೆದು, ಎರಡು ಅಂಗುಲ ಹೆಚ್ಚಿಗೆ ಇಟ್ಟು ಪಟ್ಟಿ ಕತ್ತರಿಸಿ, ಹಿಂದೆ ಲಾಡಿಯಿಂದ ಕಟ್ಟಿದರೆ ಮುಂದಿನ ವರ್ಷವೂ ಬರುವದು.

ಬೇಗಡೆ ಕಾಗದ, ಲಾಡಿಗಳೆರಡಕ್ಕೆ ನಮಗೆ ತಗುಲಿದ ವೆಚ್ಚವು 45 ರೂಪಾಯಿ ಮಾತ್ರ.

ಇನ್ನು ಇಡೀ ಕುಟುಂಬದ ಮಾತು. ರಾಜ್ಯೋತ್ಸವದ ಸಂಜೆ ನಮ್ಮ ಓಣಿಯಲ್ಲಿ ಮನೆಮಂದಿಯೆಲ್ಲ ವೇಷ ಧರಿಸುವ ರೂಢಿಯನ್ನು ಕೆಲವು ವರ್ಷಗಳಿಂದ ಇಟ್ಟುಕೊಂಡಿರುವೆವು. ಐವರಿಗೆ ಐದು ಬೇರೆ ವೇಷಗಳೆಂದರೆ ಐದು ಪಾಲು ತೊಡಕು. ಒಂದೇ ಸಂದರ್ಭದೊಳಗೆ ಎಲ್ಲರೂ ಸೇರಿದರೆ ಅರ್ಧ ಕೆಲಸ ಉಳಿಯುವದು. ನಾವು ಶೀಗಿ ಹುಣ್ಣಿಮೆಯನ್ನು ಆರಿಸಿಕೊಂಡೆವು. ಆಶ್ವೀಜದ ಆ ಹುಣ್ಣಿಮೆಗೆ ರೈತ ಕುಟುಂಬದವರು ಹೊಲಕ್ಕೆ ಹೋಗಿ, ಬೆಳೆ ಹೊತ್ತ ಭೂಮಿತಾಯಿಯನ್ನು ಪೂಜಿಸಿ, ಚರಗ ಚೆಲ್ಲಿ, ಕೂಡಿ ಕುಳಿತು ಉಣ್ಣುವರಷ್ಟೆ. ಅಜ್ಜನಾದ ನಮಗೆ ರುಮಾಲು, ಕಂಬಳಿ. ಮಗನಿಗೆ ಧೋತರ ಮತ್ತು ಕೋಲಿಗೆ ಹಗ್ಗ ಕಟ್ಟಿದ ಬಾರಕೋಲು. ಸೊಸೆಗೆ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ತಲೆಯ ಮೇಲೆ ಬಿಳಿಯ ಬಟ್ಟೆ ಮುಚ್ಚಿದ ಬುಟ್ಟಿ. ಎಳೆಗೂಸಿಗೆ ಅದರ ಕುಂಚಗಿಯೇ ವೇಷ. ಬುಟ್ಟಿಯಲ್ಲಿ ನಿಜವಾದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳನ್ನೇ ಇಟ್ಟುದರಿಂದ ವೇಷ ಕಳಚಿದ ಕೂಡಲೆ ಊಟವೂ ಆಯಿತು. ವೆಚ್ಚವು ಸೊನ್ನೆ. ಮೊಮ್ಮಗಳು ಮಾತ್ರ ರೈತಳಾಗಲು ಒಪ್ಪದೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರೇ ಆಗುವೆನೆಂದು ಹಟ ಹಿಡಿದಳು. ಒಣಗಿದ ಸೋರೆಬುರುಡೆಗೆ ಬಿದಿರನ್ನು ಸೇರಿಸಿ ನಾಲ್ಕು ದಾರಗಳನ್ನು ಬಿಗಿದು ತಂಬೂರಿ ಮಾಡಿಕೊಟ್ಟೆವು. ಹೊಲದಲ್ಲಿಯೂ ಗಾಯನ ನಡೆಯಿತು.

ಪರದೇಶದಲ್ಲಿರುವ ವಾಚಕರ ಭೂತವೇಷಕ್ಕೆ ಹಳೆಯ ಬಿಳಿಯ ಚಾದರವೊಂದು ಸಾಕು. ಆದರೆ ಕಣ್ಣುಗಳನ್ನು ಮುಚ್ಚಬಾರದು, ಅಂಚು ಹಿಮ್ಮಡಿಗೆ ತಾಗಬಾರದು. ಕತ್ತಲೆಯಲ್ಲಿ ರಸ್ತೆ ದಾಟುವ ಮಗುವಿಗೆ ಕರಿಯ ಬಟ್ಟೆಗಿಂತ ಬಿಳಿಯದೇ ಕ್ಷೇಮಕರ.

ಇನ್ನು ಕೆಲವು ಎಚ್ಚರಿಕೆಗಳು. ಮುಖಕ್ಕೆ ಗೋಡೆಯ ಬಣ್ಣ, ಹೋಳಿಯಲ್ಲಿ ಉಳಿದ ಬಣ್ಣಗಳನ್ನು ಸರ್ವಥಾ ಹಚ್ಚಕೂಡದು. ಯಾವುದನ್ನೇ ಆಗಲಿ ಹಿಂದಿನ ದಿನ ಮುಂಗೈಯ ಒಳಮೈಗೆ ಸ್ವಲ್ಪ ಹಚ್ಚಿ, ತುರಿಕೆಯಿಲ್ಲದುದನ್ನು ಕಂಡು ಉಪಯೋಗಿಸಬೇಕು. ಮೊದಲು ಕೊಬ್ಬರಿ ಎಣ್ಣೆಯನ್ನು ಸವರಿದ್ದರೆ ಬಣ್ಣವು ಸುಲಭವಾಗಿ ಬಿಡುವದು. ಅರಳೆಯ ಗಡ್ಡವನ್ನು ಮುಖಕ್ಕೆ ಅಂಟಿಸದೆ, ಬಟ್ಟೆಯ ಪಟ್ಟಿಗೆ ಅಂಟಿಸಿ ಕಿವಿಗೆ ಸಿಕ್ಕಿಸಬೇಕು. ದೀಪಾವಳಿಯ ದಿನಗಳಾದುದರಿಂದ ಹಣತೆ ಪಟಾಕಿಗಳಿಂದ ದೂರವಿಡಬೇಕು. ಭಾರತಮಾತೆಯ ವೇಷಕ್ಕೆ ರಾಷ್ಟ್ರಧ್ವಜವನ್ನು ಸೀರೆಯಂತೆ ಉಡಿಸಬೇಡಿರಿ. ಸೊಂಟದ ಕೆಳಗೆ ಧ್ವಜವನ್ನು ಧರಿಸುವದು 1971ರ ರಾಷ್ಟ್ರಗೌರವದ ಕಾಯಿದೆಯ ಪ್ರಕಾರ ಅಪಮಾನವಾಗುವದು. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿಯೇ ಖಾದಿಯ ಧ್ವಜಗಳು ತಯಾರಾಗುತ್ತಿರಲು, ಈ ಊರಿನವರಾದ ನಾವು ಅದನ್ನು ಮರೆಯುವದು ಚೆನ್ನಲ್ಲ. ಕೊನೆಯದಾಗಿ, ಭಿಕ್ಷುಕನ, ಕುಂಟನ, ಯಾವುದೋ ಒಂದು ಜಾತಿಯವರ ಸೋಗು ಹಾಕಿಸಿ ನಗಿಸುವ ಚಾಳಿಯನ್ನು ಬಿಡಬೇಕು. ಒಬ್ಬರ ಬಾಳು ಇನ್ನೊಬ್ಬರ ವಿನೋದವಾಗಬಾರದು.

ಆ ಹುಡುಗಿಗೆ ಪಾರಿತೋಷಕವು ಬಂದಿತೇ ಎಂದು ವಾಚಕರು ಕೇಳುವರು. ಬರಲಿಲ್ಲ. ಅಂದು ಚೆನ್ನಮ್ಮರು ಏಳು ಮಂದಿ ಇದ್ದರಂತೆ. ಸಾಯಂಕಾಲ ಲೆಕ್ಕಕ್ಕೆ ಬಂದಾಗ ಸೀರೆಯನ್ನು ಬಿಚ್ಚಿಟ್ಟಿದ್ದಳು. ಕಿರೀಟವನ್ನು ಮಾತ್ರ ತೆಗೆದಿರಲಿಲ್ಲ. ಅದು ಕಣ್ಣಿಗೆ ಜಾರಿದಾಗಲೆಲ್ಲ ಎಡಗೈಯಿಂದ ಮೇಲಕ್ಕೆ ಸರಿಸುತ್ತ ಬಲಗೈಯಿಂದ ಎಂಟರ ಮಗ್ಗಿಯನ್ನು ಬರೆದಳು. ಅವಳನ್ನು ಕರೆದೊಯ್ಯಲು ಬಂದ ತಾಯಿಯು ಬಾಗಿಲಲ್ಲಿಯೇ ನಿಂತು, “ಮಾಸ್ತರ್ರ, ಜ್ವರಾ ಬರಲಿಲ್ಲ ನೋಡ್ರಿ,” ಎಂದಳು.

ಆದುದರಿಂದ, ಶಾಲೆಯಿಂದ ಸಂದೇಶವು ಬಂದ ದಿನವೇ ಪೆಟ್ಟಿಗೆಯನ್ನು ತೆರೆಯಿರಿ. ತೆರೆದಾಗ ನೆರೆಮನೆಯ ಮಗುವಿಗೆ ವೇಷವು ಒದಗಿತೇ ಎಂಬದನ್ನೂ ವಿಚಾರಿಸಿರಿ. ಪರೀಕ್ಷಕರಾಗಿ ಕೂಡ್ರುವ ಮಹನೀಯರಲ್ಲಿ ನಮ್ಮ ವಿನಂತಿಯಿಷ್ಟೆ: ಬಟ್ಟೆಯ ಹೊಳಪಿಗೆ ಅಂಕ ಕೊಡುವದಕ್ಕಿಂತ ಮೊದಲು, “ನೀನು ಯಾರು?” ಎಂದು ಆ ಮಗುವನ್ನು ಕೇಳಿರಿ. ಆ ಕಂಬಳಿಯ ಹುಡುಗನು ಈಗ ಎಲ್ಲಿರುವನೋ ನಾವರಿಯೆವು. ಅವನ ಮನೆಗೂ ಈ ಪತ್ರಿಕೆಯು ಹೋಗುವದಾದರೆ, ಮೂವತ್ತು ವರ್ಷಗಳ ಮೇಲೆ ಅವನ ಪ್ರಶ್ನೆಗೆ ಉತ್ತರ ಕೊಡುತ್ತಿರುವೆವು: ತಪ್ಪು ಕಂಬಳಿಯದಾಗಿರಲಿಲ್ಲ, ನಮ್ಮದಾಗಿದ್ದಿತು.